ಕಾಣದ ಗಾಯಕ್ಕೂ ದಾಖಲೆ ಬೇಕು: ತಲೆಪೆಟ್ಟು, ಚೇತರಿಕೆ ಮತ್ತು ಅಪಘಾತ ಪರಿಹಾರ



ಕೆಚ್ಚಲು ಬಾವು, ಬೆದೆ, ಲಸಿಕೆ ಎಂದು ಈ ಪುಟದಲ್ಲಿ ರಾಸುಗಳ ಆರೋಗ್ಯದ ಬಗ್ಗೆಯೇ ಬರೆಯುತ್ತ ಬಂದಿದ್ದೇನೆ. ಈ ಸಲದ ಪಾಠ ರಾಸಿನದಲ್ಲ, ರಾಸು ಸಾಕುವವರದು. ನಾನು ಪಶುವೈದ್ಯೆ, ವಕೀಲಳಲ್ಲ. ಆದರೆ ಒಂದು ಮನೆಯ ಕೊಟ್ಟಿಗೆಯಲ್ಲಿ ಕಂಡದ್ದು ನನ್ನನ್ನು ಇದರ ಬಗ್ಗೆ ಕೇಳಿ, ಓದಿ ತಿಳಿದುಕೊಳ್ಳುವಂತೆ ಮಾಡಿತು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಸುವಿನ ಕೆಚ್ಚಲು ಹೇಳಿದ ಸುದ್ದಿ

ನಮ್ಮ ಒಕ್ಕೂಟದ ಒಬ್ಬ ಸದಸ್ಯೆ. ವಯಸ್ಸು ನಲವತ್ತರ ಒಳಗೆ, ಮೂರು ಕರೆಯುವ ಹಸು. ಅವರ ಹಾಲು ಸಂಘದಲ್ಲಿ ವಾಪಸ್ಸಾದದ್ದೇ ಇರಲಿಲ್ಲ. ಒಂದು ತಿಂಗಳಲ್ಲಿ ಅವರ ಮನೆಗೆ ಕೆಚ್ಚಲು ಬಾವಿಗೆಂದು ಮೂರು ಸಲ ಹೋಗಬೇಕಾಯಿತು. ಮೂರೂ ಬೇರೆ ಬೇರೆ ಹಸು. ಹಾಲು ಪೂರ್ತಿ ಕರೆಯದೆ ಬಿಟ್ಟಿದ್ದರು. ಅದೇ ವಾರ ಸಂಘದಲ್ಲಿ ಎರಡು ಸಲ ಹಾಲು ವಾಪಸ್ ಮಾಡಿದ್ದರು. ಕ್ಯಾನಿನಲ್ಲಿ ಹಳೆಯ ಹಾಲು ಹುಳಿಯಾಗಿದ್ದು ಅವರ ಮೂಗಿಗೆ ಗೊತ್ತೇ ಆಗಿರಲಿಲ್ಲ.

ನಾನು ಇಂಜೆಕ್ಷನ್ ಕೊಡುತ್ತಿದ್ದಾಗ "ಈ ಹಸು ಯಾವಾಗ ಬೆದೆಗೆ ಬಂತು ಮೇಡಂ?" ಎಂದು ನನ್ನನ್ನೇ ಕೇಳಿದರು. ಐದು ನಿಮಿಷದಲ್ಲಿ ಅದೇ ಪ್ರಶ್ನೆ ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ. ಮಗಳು ಉತ್ತರ ಹೇಳಹೋದರೆ ಅವಳ ಮೇಲೆ ರೇಗಿದರು. ಹಿಂದೆಂದೂ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ.

ಮಗಳು ನನ್ನನ್ನು ಹಟ್ಟಿಯ ಆಚೆಗೆ ಕರೆದು ಹೇಳಿದಳು: "ಎರಡು ತಿಂಗಳ ಹಿಂದೆ ಬೈಕಿಂದ ಬಿದ್ರು ಮೇಡಂ. ಅವತ್ತಿಂದ ಅಮ್ಮ ಹಿಂಗೇ."

ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು, ಗಂಡನ ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕುಳಿತು ಮನೆಗೆ ಬರುತ್ತಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಹಿಂದಿನಿಂದ ಬಂದ ಕಾರು ತಗುಲಿತು. ಸ್ವಲ್ಪ ಹೊತ್ತು ಪ್ರಜ್ಞೆ ಇರಲಿಲ್ಲ. ಎದ್ದ ಮೇಲೆ "ಏನೂ ಆಗಿಲ್ಲ" ಎಂದರು. ಕಾರಿನವನು ಐದು ಸಾವಿರ ಕೊಟ್ಟು ಹೋದ. ಮೂರನೆಯ ದಿನ ವಾಂತಿ, ಮಂಪರು. ನಗರದ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಮೆದುಳಿನ ಹತ್ತಿರ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯಿತು. ಒಂಬತ್ತು ದಿನ ಆಸ್ಪತ್ರೆ. ಮನೆಗೆ ಬಂದಾಗ ಮೈಮೇಲೆ ಒಂದು ಗಾಯವೂ ಕಾಣುತ್ತಿರಲಿಲ್ಲ. ಊರಿನವರು "ಪುಣ್ಯ, ಹುಷಾರಾದ್ರು" ಎಂದರು.

ಅವರು ಹುಷಾರಾಗಿರಲಿಲ್ಲ. ಮರೆವು, ಸಿಟ್ಟು, ವಾಸನೆ ತಿಳಿಯದಿರುವುದು, ಒಂದೇ ಕೆಲಸದ ಮೇಲೆ ಗಮನ ನಿಲ್ಲದಿರುವುದು ಇವೆಲ್ಲ ತಲೆಪೆಟ್ಟಿನ ಪರಿಣಾಮಗಳೇ. ಕೈ ಮುರಿದರೆ ಕಟ್ಟು ಕಾಣುತ್ತದೆ, ಎಕ್ಸ್‌ರೇಯಲ್ಲಿ ಬಿರುಕು ಕಾಣುತ್ತದೆ. ಮರೆವಿಗೆ ಎಕ್ಸ್‌ರೇ ಇಲ್ಲ.

ಆಮೇಲೆ ಪರಿಹಾರದ ಅರ್ಜಿಗೆಂದು ಕಾಗದ ತೆಗೆದು ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಆಸ್ಪತ್ರೆಯ ಚೀಟಿಯಲ್ಲಿ ಉದ್ಯೋಗದ ಎದುರು "ಗೃಹಿಣಿ" ಎಂದಿತ್ತು. ಸಂಘದಲ್ಲಿ ಸದಸ್ಯತ್ವ ಗಂಡನ ಹೆಸರಿನಲ್ಲಿತ್ತು. ಹದಿನೈದು ವರ್ಷ ಎರಡು ಹೊತ್ತು ಹಾಲು ಕರೆದವರ ದುಡಿಮೆಗೆ ಒಂದು ಸಾಲಿನ ದಾಖಲೆ ಇರಲಿಲ್ಲ. ಗಾಯವೂ ಕಾಣದು, ದುಡಿಮೆಯೂ ಕಾಣದು. ಈ ಎರಡನ್ನೂ ಕಾಗದದ ಮೇಲೆ ತರುವುದು ಹೇಗೆ ಎಂಬುದೇ ಈ ಪಾಠ.

ಮೊದಲು ಜೀವ: ಅಪಾಯದ ಲಕ್ಷಣಗಳು

ತಲೆಗೆ ಪೆಟ್ಟು ಬಿದ್ದವರು ಎದ್ದು ನಡೆದಾಡಿದರೂ ಕೆಲವೊಮ್ಮೆ ಒಳಗೆ ನಿಧಾನವಾಗಿ ರಕ್ತ ಸೋರುತ್ತಿರುತ್ತದೆ. ಕೆಲವು ಗಂಟೆ, ಕೆಲವು ದಿನ, ವಯಸ್ಸಾದವರಲ್ಲಿ ಕೆಲವು ವಾರಗಳ ನಂತರವೂ ಲಕ್ಷಣ ಕಾಣಿಸಿಕೊಳ್ಳಬಹುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ:

• ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ
• ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು
• ಎಬ್ಬಿಸಿದರೂ ಏಳದಂಥ ಮಂಪರು, ತೊದಲು ಮಾತು, ಗೊಂದಲ
• ಫಿಟ್ಸ್
• ಕಿವಿ ಅಥವಾ ಮೂಗಿನಿಂದ ರಕ್ತ, ನೀರು ಬರುವುದು
• ಒಂದು ಕೈ ಅಥವಾ ಕಾಲಿನ ಬಲ ಕುಗ್ಗುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು

ಆಂಬ್ಯುಲೆನ್ಸ್‌ಗೆ 108, ಪೊಲೀಸರಿಗೆ 112. ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಗೆ ಸೇರಿಸುವಾಗಲೇ ಇದನ್ನು ಕೇಳಿ.

ಅಪಘಾತವಾದ ಕೂಡಲೇ ಮಾಡಬೇಕಾದ ದಾಖಲೆ

"ಬಿದ್ದೆ" ಎಂದಷ್ಟೇ ಹೇಳಬೇಡಿ. "ರಸ್ತೆಯಲ್ಲಿ ವಾಹನ ಅಪಘಾತದಲ್ಲಿ ಪೆಟ್ಟಾಯಿತು, ಪ್ರಜ್ಞೆ ತಪ್ಪಿತ್ತು" ಎಂದು ವೈದ್ಯರಿಗೆ ಹೇಳಿ. ಆಗ ಆಸ್ಪತ್ರೆ ಅದನ್ನು ಎಂ.ಎಲ್.ಸಿ. ಪ್ರಕರಣವಾಗಿ ದಾಖಲಿಸಿ ಪೊಲೀಸರಿಗೆ ತಿಳಿಸುತ್ತದೆ. ಮನೆಯಲ್ಲಿ ಜಾರಿ ಬಿದ್ದದ್ದೆಂದು ಮೊದಲ ಚೀಟಿಯಲ್ಲಿ ಬರೆಸಿಬಿಟ್ಟರೆ ಆಮೇಲೆ ಅದನ್ನು ಸರಿಪಡಿಸುವುದು ಬಲು ಕಷ್ಟ.

ಉದ್ಯೋಗ ಕೇಳಿದಾಗ "ಹೈನುಗಾರಿಕೆ, ಮನೆಕೆಲಸ" ಎಂದು ಎರಡನ್ನೂ ಬರೆಸಿ. ಪೊಲೀಸ್ ದೂರಿನಲ್ಲೂ ಹಾಗೆಯೇ ಇರಲಿ.

ವಾಹನದ ನಂಬರು, ಸ್ಥಳದ ಫೋಟೋ, ನೋಡಿದವರ ಹೆಸರು ಬರೆದಿಡಿ. ಸ್ಥಳದಲ್ಲೇ ನಾಲ್ಕು ಕಾಸು ತೆಗೆದುಕೊಂಡು ರಾಜಿಯಾಗಬೇಡಿ; ಆ ಹೊತ್ತಿನಲ್ಲಿ ಗಾಯ ಎಷ್ಟಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಮೇಲೆ ಹೇಳಿದ ಸದಸ್ಯೆಯ ಅದೃಷ್ಟ, ಸಂಘದ ಹಾಲು ಪರೀಕ್ಷಕರು ಕಾರಿನ ನಂಬರು ಬರೆದಿಟ್ಟುಕೊಂಡಿದ್ದರು. ಅವರು ದೂರು ಕೊಟ್ಟದ್ದು ಹನ್ನೊಂದು ದಿನಗಳ ನಂತರ. ಆಸ್ಪತ್ರೆಯಲ್ಲಿದ್ದೆವೆಂಬಂಥ ಸರಿಯಾದ ಕಾರಣವಿದ್ದರೆ, ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ. ಹಾಗೆಂದು ತಡಮಾಡಬೇಡಿ.

ಅರ್ಜಿ ಎಲ್ಲಿ, ಯಾವಾಗ?

ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಸಲ್ಲಿಸಬೇಕು. ಅಪಘಾತವಾದ ಊರಿನ ನ್ಯಾಯಮಂಡಳಿಯೇ ಆಗಬೇಕೆಂದಿಲ್ಲ. ನೀವು ವಾಸವಿರುವ ಜಾಗದ ವ್ಯಾಪ್ತಿಯಲ್ಲೂ ಹಾಕಬಹುದು. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ, 2022ರ ಏಪ್ರಿಲ್ 1ರಿಂದ ಈಚಿನ ಅಪಘಾತಗಳಿಗೆ 6 ತಿಂಗಳ ಒಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ಮೆದುಳಿನ ಪೆಟ್ಟಿನವರಿಗೆ ಈ ಆರು ತಿಂಗಳು ಆಸ್ಪತ್ರೆ ಓಡಾಟದಲ್ಲೇ ಕಳೆದುಹೋಗುತ್ತದೆ. ಪೂರ್ತಿ ಗುಣವಾಗಲಿ ಎಂದು ಕಾಯಬೇಡಿ. ಅರ್ಜಿ ಮೊದಲು ಹಾಕಿ; ವೈದ್ಯಕೀಯ ಸಾಕ್ಷ್ಯ ಆಮೇಲೆಯೂ ಕೊಡಬಹುದು. ಗಾಯಾಳುವಿಗೆ ತನ್ನ ವ್ಯವಹಾರ ನೋಡಿಕೊಳ್ಳುವ ಶಕ್ತಿ ಇಲ್ಲದಿದ್ದರೆ ಅವರ ಪರವಾಗಿ ಮನೆಯವರು ಅರ್ಜಿ ಹಾಕಬಹುದು.

ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೂ ದಾರಿಯಿದೆ. ಗುದ್ದಿ ಓಡಿಹೋದ ಪ್ರಕರಣಗಳಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ನಿಗದಿಯಾಗಿದೆ.

ಲೆಕ್ಕ ಹೇಗೆ ಹಾಕುತ್ತಾರೆ?

ಆಸ್ಪತ್ರೆ ಖರ್ಚು, ಓಡಾಟ, ನೋವು, ಮುಂದಿನ ಚಿಕಿತ್ಸೆ ಇವೆಲ್ಲಕ್ಕೂ ಬೇರೆ ಬೇರೆ ಮೊತ್ತ ಇರುತ್ತದೆ. ಶಾಶ್ವತ ಊನ ಉಳಿದವರಿಗೆ ದೊಡ್ಡ ಭಾಗ ಸಾಮಾನ್ಯವಾಗಿ ಮುಂದಿನ ದುಡಿಮೆಯ ನಷ್ಟಕ್ಕೆ ಸಿಗುವಂಥದ್ದು. ಅದರ ಲೆಕ್ಕ ಹೀಗೆ:

ತಿಂಗಳ ಆದಾಯ × 12 × ವಯಸ್ಸಿನ ಗುಣಕ × ದುಡಿಯುವ ಶಕ್ತಿ ಎಷ್ಟು ಶೇಕಡಾ ಕುಂದಿದೆ

ವಯಸ್ಸಿನ ಗುಣಕವನ್ನು ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದೆ. 31ರಿಂದ 35 ವರ್ಷದವರಿಗೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9.

ಒಂದು ಉದಾಹರಣೆ ನೋಡೋಣ. 38 ವರ್ಷದ ಸದಸ್ಯೆ, ಖರ್ಚು ಕಳೆದು ತಿಂಗಳಿಗೆ 15,000 ರೂಪಾಯಿ ಆದಾಯ ಎಂದುಕೊಳ್ಳಿ.

• ದುಡಿಯುವ ಶಕ್ತಿ 10 ಶೇಕಡಾ ಕುಂದಿದೆ ಎಂದಾದರೆ: 2,70,000 ರೂಪಾಯಿ
• ಅದೇ ಗಾಯದಿಂದ 30 ಶೇಕಡಾ ಕುಂದಿದೆ ಎಂದು ಸಾಬೀತಾದರೆ: 8,10,000 ರೂಪಾಯಿ

ಸ್ವಂತ ದುಡಿಮೆಯವರಿಗೆ ಮುಂದೆ ಆದಾಯ ಹೆಚ್ಚುವ ಸಾಧ್ಯತೆಯನ್ನೂ ಸೇರಿಸುವುದುಂಟು. ಲೆಕ್ಕ ಸರಳವಾಗಲೆಂದು ಇಲ್ಲಿ ಬಿಟ್ಟಿದ್ದೇನೆ. ವಯಸ್ಸು ಬದಲಾಗದು. ಬದಲಾಗುವುದು ಎರಡೇ: ಆದಾಯ ಮತ್ತು ಶೇಕಡಾ. ಎರಡಕ್ಕೂ ಸಾಕ್ಷಿ ಬೇಕು.

ಆದಾಯದ ಸಾಕ್ಷಿ: ನಿಮ್ಮ ಹಾಲಿನ ಪುಸ್ತಕ

ಗೃಹಿಣಿಯ ಕೆಲಸಕ್ಕೂ ಹಣದ ಮೌಲ್ಯವಿದೆ ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹಳ್ಳಿಯ ಹೆಣ್ಣುಮಕ್ಕಳು ಹೊಲದ ಕೆಲಸದ ಜೊತೆಗೆ ದನಕರು ನೋಡಿಕೊಳ್ಳುವುದನ್ನೂ ಆ ತೀರ್ಪು ಗುರುತಿಸಿದೆ. ಆದ್ದರಿಂದ ದಾಖಲೆ ಇಲ್ಲದಿದ್ದರೂ ಕೈ ಖಾಲಿ ಆಗುವುದಿಲ್ಲ. ನ್ಯಾಯಾಲಯ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಆದರೆ ಅಂದಾಜು ಅಂದಾಜೇ. ನಿಮ್ಮ ನಿಜವಾದ ದುಡಿಮೆ ಅದಕ್ಕಿಂತ ಹೆಚ್ಚಿದ್ದರೆ ತೋರಿಸಬೇಕಾದವರು ನೀವು.

ನಿಮ್ಮ ಹೆಸರಿನಲ್ಲಿ ಹಾಲು ಹಾಕುತ್ತಿದ್ದರೆ ಸಂಘದ ಲೆಡ್ಜರು, ಬಟವಾಡೆ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಸಾಕ್ಷಿ. ರಾಜ್ಯ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಬರುವುದರಿಂದ, ನೀವು ಎಷ್ಟು ಲೀಟರು ಹಾಕಿದಿರಿ ಎಂಬುದಕ್ಕೆ ಅದೂ ಒಂದು ಆಧಾರ. ಪಶು ಆಹಾರ ಕೊಂಡ ರಸೀದಿ, ರಾಸು ವಿಮೆಯ ಕಾಗದ, ಕೃತಕ ಗರ್ಭಧಾರಣೆಯ ಚೀಟಿ ಇವನ್ನೂ ಒಂದು ಚೀಲದಲ್ಲಿ ಹಾಕಿಡಿ.

ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ? ಹಾಲು ಕರೆದು ತಂದು ಹಾಕುತ್ತಿದ್ದವರು ನೀವೇ ಎಂದು ಸಂಘದ ಕಾರ್ಯದರ್ಶಿ ಸಾಕ್ಷಿ ಹೇಳಬಹುದು. ಆದರೆ ಇಂದೇ ನಿಮ್ಮ ಹೆಸರಿಗೆ ಸದಸ್ಯತ್ವ ಮಾಡಿಸಿಕೊಳ್ಳುವುದು ಅದಕ್ಕಿಂತ ಸುಲಭ.

ವಿಮಾ ಕಂಪನಿಯ ವಕೀಲರು ಒಂದು ಪ್ರಶ್ನೆ ಕೇಳಬಹುದು: "ಹಸು ಇವತ್ತೂ ಇವೆ, ಹಾಲು ಇವತ್ತೂ ಸಂಘಕ್ಕೆ ಹೋಗ್ತಿದೆ. ನಷ್ಟ ಎಲ್ಲಿ?" ಇದಕ್ಕೆ ಉತ್ತರ ಲೆಡ್ಜರಿನಲ್ಲೇ ಇದೆ. ಅಪಘಾತದ ಹಿಂದಿನ ಆರು ತಿಂಗಳು ಎಷ್ಟು ಲೀಟರು, ಆಮೇಲೆ ಎಷ್ಟು? ಎಷ್ಟು ಸಲ ಹಾಲು ವಾಪಸ್ಸಾಯಿತು? ಹಸು ಮಾರಬೇಕಾಯಿತೆ? ಹಾಲು ಕರೆಯಲು ಆಳಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೀರಿ? ಮಗಳು ಕಾಲೇಜು ಬಿಟ್ಟು ಕೊಟ್ಟಿಗೆಗೆ ನಿಂತಳೆ? ಆಳಿಗೆ ಕೊಟ್ಟ ಹಣವನ್ನು ಬ್ಯಾಂಕ್ ಅಥವಾ ಫೋನ್ ಮೂಲಕ ಕೊಟ್ಟರೆ ಅದೂ ದಾಖಲೆಯಾಗುತ್ತದೆ.

ಶೇಕಡಾ ಸಾಕ್ಷಿ: ನಿಮ್ಮ ಕೆಲಸವನ್ನು ವೈದ್ಯರಿಗೆ ವಿವರಿಸಿ

ವೈದ್ಯರು ಅಂಗವೈಕಲ್ಯವನ್ನು ದೇಹದ ಲೆಕ್ಕದಲ್ಲಿ ಅಳೆಯುತ್ತಾರೆ. ನ್ಯಾಯಮಂಡಳಿ ನೋಡಬೇಕಾದದ್ದು ಅದರಿಂದ ಆ ವ್ಯಕ್ತಿಯ ದುಡಿಮೆ ಎಷ್ಟು ನಷ್ಟವಾಯಿತು ಎಂಬುದನ್ನು. 2011ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಒಂದು ಕೈ ಹೋದರೆ ಬಡಗಿಗೆ ದುಡಿಮೆಯೇ ನಿಂತುಹೋಗಬಹುದು, ಸರ್ಕಾರಿ ಗುಮಾಸ್ತರಿಗೆ ಸಂಬಳ ನಿಲ್ಲದೇ ಇರಬಹುದು.

ಇದನ್ನು ನಮ್ಮ ಕೊಟ್ಟಿಗೆಗೆ ಅನ್ವಯಿಸಿ. ಮಣಿಕಟ್ಟು ಸ್ವಲ್ಪ ಸೆಟೆದರೆ ಬೇರೆಯವರಿಗೆ ಸಣ್ಣ ಊನ. ಎರಡು ಹೊತ್ತು ಮುಷ್ಟಿ ಕಟ್ಟಿ ಹಾಲು ಕರೆಯುವವರಿಗೆ ಕಸುಬೇ ಹೋದಂತೆ. ತಲೆಸುತ್ತು ಇರುವವರು ಕುಕ್ಕರಗಾಲಲ್ಲಿ ಕೂತು ಹಸುವಿನ ಹೊಟ್ಟೆಯ ಪಕ್ಕ ತಲೆ ಬಗ್ಗಿಸಲಾರರು. ಬೆದೆಯ ದಿನ ನೆನಪಿಡದಿದ್ದರೆ ಒಂದು ಸೂಲಿನ ಲೆಕ್ಕವೇ ತಪ್ಪುತ್ತದೆ. ವಾಸನೆ ತಿಳಿಯದಿದ್ದರೆ ಹುಳಿ ಹಾಲು ತಿಳಿಯದು.

ಆದ್ದರಿಂದ ಮನೆಯಲ್ಲಿ ಒಬ್ಬರು ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆಯಿರಿ: "ಇಂದು ಒಲೆ ಆರಿಸಲು ಮರೆತರು." "ಖನಿಜ ಮಿಶ್ರಣ ಎರಡು ಸಲ ಹಾಕಿದರು." ತಪಾಸಣೆಗೆ ಹೋದಾಗ ಅದನ್ನು ವೈದ್ಯರಿಗೆ ತೋರಿಸಿ, ಅವರ ಚೀಟಿಯಲ್ಲಿ ಬರೆಸಿ. ನೆನಪು, ಗಮನ, ಯೋಚನೆಯನ್ನು ಅಳೆಯುವ ಪರೀಕ್ಷೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಯೂ ಪುನಶ್ಚೇತನ ಚಿಕಿತ್ಸೆಯೂ ಇವೆ. ಅಲ್ಲಿಗೆ ಕಳುಹಿಸಿಕೊಡುವಂತೆ ನಿಮ್ಮ ವೈದ್ಯರನ್ನು ಕೇಳಿ.

ತೀವ್ರ ಪೆಟ್ಟಿನವರಿಗೆ ಆರೈಕೆಯ ಖರ್ಚೂ ಸಿಗಬೇಕು. 2007ರಲ್ಲಿ ಉತ್ತರ ಭಾರತದ 12 ವರ್ಷದ ಹುಡುಗಿಯೊಬ್ಬಳು ತಂದೆ ತಾಯಿಯ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಗುದ್ದಿ ಮೆದುಳಿಗೆ ಪೆಟ್ಟಾಯಿತು. ಅವಳ ಬುದ್ಧಿ ಎಳೆ ಮಗುವಿನ ಮಟ್ಟಕ್ಕೆ ಇಳಿಯಿತು. ನ್ಯಾಯಮಂಡಳಿ ಕೊಟ್ಟದ್ದು ಸುಮಾರು 11 ಲಕ್ಷ ರೂಪಾಯಿ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 62 ಲಕ್ಷಕ್ಕೂ ಮೇಲಕ್ಕೆ ಏರಿಸಿತು. ಜೀವನವಿಡೀ ನೋಡಿಕೊಳ್ಳಲು ಇಬ್ಬರು ಬೇಕು ಎಂದು ಲೆಕ್ಕ ಹಿಡಿದು, ಆರೈಕೆಗೆಂದೇ 21 ಲಕ್ಷ 60 ಸಾವಿರ ಕೊಟ್ಟಿತು. ಮನೆಯವರೇ ನೋಡಿಕೊಳ್ಳುತ್ತಾರಲ್ಲ ಎಂದು ಆರೈಕೆಯ ಲೆಕ್ಕ ಬಿಡಬೇಡಿ.

ಕೇಸಿಗಾಗಿ ಚಿಕಿತ್ಸೆ ನಿಲ್ಲಿಸಬೇಡಿ

ಮಧ್ಯವರ್ತಿಯೊಬ್ಬ ನಮ್ಮ ಸದಸ್ಯೆಗೆ ಹೇಳಿದ್ದನಂತೆ: "ಕೇಸು ಮುಗಿಯೋವರ್ಗೂ ವ್ಯಾಯಾಮ ಗೀಯಾಮ ಬೇಡಕ್ಕಾ. ಹುಷಾರಾದ್ರೆ ದುಡ್ಡು ಕಮ್ಮಿ ಆಗುತ್ತೆ." ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಮೆದುಳು ಹೆಚ್ಚು ವೇಗವಾಗಿ ಚೇತರಿಸಿಕೊಳ್ಳುವುದು ಮೊದಲ ತಿಂಗಳುಗಳಲ್ಲೇ. ಆ ಕಾಲ ಹೋದರೆ ಯಾವ ನ್ಯಾಯಾಲಯವೂ ಅದನ್ನು ಮರಳಿ ಕೊಡಲಾರದು. ಚಿಕಿತ್ಸೆ ತಪ್ಪದೆ ಪಡೆದ ಚೀಟಿಗಳೇ ನಿಮ್ಮ ಕೇಸಿಗೂ ಬಲ.

ಕೊಟ್ಟಿಗೆಯಲ್ಲಿ ಪಾಲಿಸಬೇಕಾದ್ದು ಇಷ್ಟು:

• ಒಂದು ಸಲಕ್ಕೆ ಒಂದೇ ಕೆಲಸ. ಕೆಲಸದ ಪಟ್ಟಿಯನ್ನು ಗೋಡೆಯ ಮೇಲೆ ಬರೆದು, ಮುಗಿದದ್ದಕ್ಕೆ ಗುರುತು ಹಾಕಿ.
• ಬೆದೆ, ಗರ್ಭಧಾರಣೆ, ಲಸಿಕೆಯ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ.
• ಒದೆಯುವ, ಹಾಯುವ ರಾಸಿನ ಹತ್ತಿರ ಬೇರೆಯವರು ಹೋಗಲಿ. ತಲೆಗೆ ಎರಡನೆಯ ಪೆಟ್ಟು ಬೀಳಬಾರದು.
• ವೈದ್ಯರು ಒಪ್ಪುವವರೆಗೆ ಮೇವು ಕತ್ತರಿಸುವ ಯಂತ್ರ ಮತ್ತು ಗಾಡಿ ಮುಟ್ಟಬೇಡಿ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• ರಾತ್ರಿ ನಿದ್ದೆ ಕೆಡಬಾರದು. ಬೆಳಗಿನ ಹಾಲು ಕರೆಯುವುದನ್ನು ಕೆಲವು ತಿಂಗಳು ಮನೆಯ ಇನ್ನೊಬ್ಬರು ವಹಿಸಿಕೊಳ್ಳಲಿ.

ಸಿಟ್ಟು ಮಾಡಿಕೊಂಡರೆ "ಸ್ವಭಾವ ಕೆಟ್ಟಿತು" ಎನ್ನಬೇಡಿ. ಅದು ಪೆಟ್ಟಿನ ಸಿಟ್ಟು.

ನೀವು ಕೇಳುವ ಪ್ರಶ್ನೆಗಳು

*ಬೇರೆ ವಾಹನ ಗುದ್ದಲಿಲ್ಲ, ಗಂಡನ ಬೈಕೇ ಜಾರಿತು. ಹಿಂದೆ ಕೂತ ನನಗೆ ವಿಮೆಯ ಹಣ ಬರುತ್ತದೆಯೆ?*
ಬೈಕಿಗೆ ಯಾವ ಪಾಲಿಸಿ ಇದೆ ಎಂಬುದರ ಮೇಲೆ ನಿಂತಿದೆ. ಪೂರ್ಣ ಪಾಲಿಸಿ ಇದ್ದರೆ ಹಿಂಬದಿ ಸವಾರರಿಗೂ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಇಂಥ ಪ್ರಕರಣದಲ್ಲಿ ಹಿಂಬದಿ ಸವಾರರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಇಂದು ಸಂಜೆಯೇ ಮನೆಯ ಬೈಕಿನ ಪಾಲಿಸಿ ತೆಗೆದು ನೋಡಿ.

*ಸರಕು ಗಾಡಿಯಲ್ಲಿ, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹೋಗುವಾಗ ಬಿದ್ದರೆ?*
ಅವು ಜನ ಸಾಗಿಸುವ ವಾಹನಗಳಲ್ಲ. ವಿಮಾ ಕಂಪನಿಯಿಂದ ಪರಿಹಾರ ಪಡೆಯುವುದು ಕಷ್ಟವಾಗುತ್ತದೆ. ಹತ್ತಬೇಡಿ.

*ಹಸು ಒದ್ದು ತಲೆಗೆ ಪೆಟ್ಟಾದರೆ?*
ಅದು ಮೋಟಾರು ಅಪಘಾತವಲ್ಲ, ಆ ನ್ಯಾಯಮಂಡಳಿಗೆ ಹೋಗಲಾಗದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಇದೆ. ಆದರೆ ಅದು ಕೈ, ಕಾಲು, ಕಣ್ಣು ಕಳೆದುಕೊಂಡವರಿಗೆ ಕೊಡುವಂತೆ ಮರೆವಿಗೆ ಕೊಡುವುದಿಲ್ಲ. ಮಾಡಿಸಿಕೊಳ್ಳಿ, ಅದರ ಮಿತಿಯನ್ನೂ ತಿಳಿದಿರಿ.

*ವಕೀಲರಿಗೆ ಕೊಡಲು ಹಣವಿಲ್ಲ.*
ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ಫೀಸು ಗೊತ್ತುಮಾಡುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

*ಲೋಕ ಅದಾಲತ್‌ನಲ್ಲಿ ಬೇಗ ಮುಗಿಸಿಕೊಳ್ಳಬಹುದೆ?*
ಮುಗಿಸಿಕೊಳ್ಳಬಹುದು. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಮೆದುಳಿನ ಪೆಟ್ಟಿನಲ್ಲಿ ಎಷ್ಟು ಊನ ಉಳಿಯುತ್ತದೆಂದು ವೈದ್ಯರು ಹೇಳುವ ಮೊದಲು ಒಪ್ಪಬೇಡಿ.

ಈ ವಾರವೇ ಮಾಡಬೇಕಾದ ನಾಲ್ಕು ಕೆಲಸ

1. ಸಂಘದಲ್ಲಿ ನಿಮ್ಮ ಹೆಸರಿನಲ್ಲಿ ಸದಸ್ಯತ್ವ ಇದೆಯೆ, ಬಟವಾಡೆ ನಿಮ್ಮ ಖಾತೆಗೆ ಬರುತ್ತಿದೆಯೆ ನೋಡಿ.
2. ಮನೆಯ ಬೈಕಿನ ವಿಮೆ ಯಾವ ಬಗೆಯದು, ಯಾವತ್ತಿನವರೆಗೆ ಎಂದು ನೋಡಿ.
3. ಎರಡನೆಯ ಹೆಲ್ಮೆಟ್ ಕೊಳ್ಳಿ, ಐ.ಎಸ್.ಐ. ಗುರುತಿನದು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಾನೂನಿನಲ್ಲೇ ಕಡ್ಡಾಯ.
4. ಹಾಲಿನ ಪುಸ್ತಕ, ಪಾಸ್‌ಬುಕ್, ರಸೀದಿಗಳನ್ನು ಒಂದೇ ಚೀಲದಲ್ಲಿ ಇಡಿ.

ನಮ್ಮ ಆ ಸದಸ್ಯೆಯ ಅರ್ಜಿ ಆರು ತಿಂಗಳ ಒಳಗೇ ದಾಖಲಾಯಿತು. ಕಾರ್ಯದರ್ಶಿಯವರು ಲೆಡ್ಜರಿನ ಪ್ರತಿ ಕೊಟ್ಟಿದ್ದಾರೆ. ಮೂರು ಸಲ ಕೆಚ್ಚಲು ಬಾವಿಗೆ ಚಿಕಿತ್ಸೆ ಕೊಟ್ಟ ನನ್ನ ಚೀಟಿಗಳೂ ಆ ಕಡತದಲ್ಲಿವೆ. ಕೇಸು ಇನ್ನೂ ನಡೆಯುತ್ತಿದೆ. ಒಂದು ಹಸು ಮಾರಿದ್ದಾರೆ, ಎರಡು ಇವೆ. ಹೋದ ವಾರ ಹೋದಾಗ ಗೋಡೆಯ ಮೇಲೆ ಸೀಮೆಸುಣ್ಣದ ಪಟ್ಟಿ ಇತ್ತು, ಕ್ಯಾಲೆಂಡರಿನಲ್ಲಿ ಬೆದೆಯ ದಿನಕ್ಕೆ ಸುತ್ತು ಹಾಕಿತ್ತು. ಈ ಸಲ ಅವರು ನನ್ನನ್ನು ದಿನ ಕೇಳಲಿಲ್ಲ. ಕ್ಯಾಲೆಂಡರು ನೋಡಿ ಅವರೇ ಹೇಳಿದರು.